ಕೈಗೆ ಹಾಕಿದ ನೀರು

“ಶ್ವಾಸಕೋಶ ಅಂದ್ರೆ ಜೇಬಲ್ಲಿಟ್ಟ ಕರ್ಚೀಫಾ ಅತ್ತೆ, ಯಾರೋ ಬಂದು ಎತ್ಕೊಂಡು ಹೋಗೋಕೆ?” ಎಂದ ಮೆದೆರ್. ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ಅವನು.

ಅತ್ತೆ ಕನಿಶಾ ನಗಲಿಲ್ಲ. ಬೇಸಿಗೆಯ ಹುಲ್ಲುಗಾವಲಿಗೆ ತವರಿನವರನ್ನು ನೋಡಲು ಬಂದಿದ್ದ ಮಗಳು ಜಿಪಾರ್, ದಿನ ತುಂಬುವ ಮೊದಲೇ ಕಂಬಳಿ ಗುಡಾರದಲ್ಲಿ ಹೆತ್ತಿದ್ದಳು. ಗಂಡು ಮಗು. ಕಣಿವೆಯಿಂದ ದಾದಿ ಬರುವುದು ಸಂಜೆಗೆ. ಅಲ್ಲಿಯವರೆಗೆ ಬಾಣಂತಿಯನ್ನು ಅಲ್ಬಾರ್ಸ್ತಿಯಿಂದ ಕಾಯಬೇಕಿತ್ತು. ಹಳದಿ ಕೂದಲಿನ ಆ ಹೆಣ್ಣುದೆವ್ವ ಹೆತ್ತವಳ ಶ್ವಾಸಕೋಶ ಕದ್ದು ನೀರಿನ ಕಡೆಗೆ ಓಡುತ್ತಾಳಂತೆ. ಅದು ಒಣಗಿರುವ ತನಕ ಗದರಿಸಿ ವಾಪಸು ಇಡಿಸಬಹುದು. ಮೂರು ಸಲ ನೀರು ಸೋಕಿದರೆ ಮುಗಿಯಿತು.

ಇಷ್ಟು ಹೇಳಿ ಕನಿಶಾ ಚಾವಟಿ ಹಿಡಿದು ಹೊಳೆಯ ದಾರಿ ಕಾಯಲು ಎದ್ದಳು.

“ನೀವು ನಂಬದಿದ್ರೂ ಪರವಾಗಿಲ್ಲ ಅಳಿಯಂದ್ರೇ. ಬಾಗಿಲಲ್ಲೇ ಇರಿ. ಯಾರನ್ನೂ ಒಳಗೆ ಬಿಡಬೇಡಿ.”

“ಹೊಳೆಗೆ ನನ್ನ ನಮಸ್ಕಾರ ಹೇಳಿ,” ಎಂದ ಮೆದೆರ್. ಒಳಗಿನಿಂದ ಜಿಪಾರ್, “ನಗಬೇಡಿ ರೀ, ನಂಗೆ ಹೆದರಿಕೆ ಆಗತ್ತೆ,” ಎಂದಳು.

ಮಧ್ಯಾಹ್ನವಾಗಿದ್ದರೂ ಮೋಡ ಗುಡ್ಡದಿಂದಿಳಿದು ಗುಡಾರವನ್ನು ನುಂಗಿತು. ದೆವ್ವ ಬಾರದಿರಲೆಂದು ಸುಟ್ಟ ಅರ್ಚಾ ಸೊಪ್ಪಿನ ಹೊಗೆ, ಹುಳಿತ ಕುದುರೆ ಹಾಲು, ಒದ್ದೆ ಕಂಬಳಿ, ರಕ್ತ. ವಾಸನೆಗಳೆಲ್ಲ ಕಲಸಿಹೋದವು. ಒಳಗೆ ಮಗು ಅಳುತ್ತಿತ್ತು. ಜಿಪಾರ್ ಒಮ್ಮೆ ಕೆಮ್ಮಿದಳು.

ಗುಡಾರದ ಹಿಂದಿನಿಂದ ಹೆಂಗಸೊಬ್ಬಳು ಬಂದಳು. ತಲೆಗೆ ವಸ್ತ್ರ ಬಿಗಿದಿದ್ದಳು. ಉದ್ದ ತೋಳಿನೊಳಗೆ ಎರಡು ಕೈಗಳನ್ನೂ ಬೊಗಸೆಯಾಗಿ ಮುಚ್ಚಿಕೊಂಡಿದ್ದಳು. ಒಳಗೆ ಬರುತ್ತೇನೆ ಎನ್ನಲಿಲ್ಲವಲ್ಲ ಎಂದು ಮೆದೆರ್‌ಗೆ ಸಮಾಧಾನವಾಯಿತು.

“ಕುರಿ ಕೊಯ್ದ ಕೈ ಮಗಾ. ಸ್ವಲ್ಪ ನೀರು ಹಾಕು.”

ಬಾಗಿಲಿಗೆ ಬಂದವರ ಕೈಗೆ ನೀರು ಹಾಕುವುದು ಮನೆಯ ಕಿರಿಯನ ಕೆಲಸ. ಪಟ್ಟಣದ ಅಳಿಯನಿಗೆ ರೀತಿ ಗೊತ್ತಿಲ್ಲ ಎನ್ನಿಸಿಕೊಳ್ಳುವುದು ಬೇಡವೆಂದು ಅವನು ಗಿಂಡಿ, ಬೋಗುಣಿ ತಂದ. ಮೂರು ಸಲ ಹುಯ್ಯಬೇಕು.

ಒಮ್ಮೆ ಹುಯ್ದ. ಬೋಗುಣಿಗೆ ಬಿದ್ದ ನೀರು ನಸುಗೆಂಪಾಗಿತ್ತು. ಒಳಗೆ ಜಿಪಾರ್ ಮತ್ತೆ ಕೆಮ್ಮಿದಳು.

ಎರಡನೆಯ ಸಲ ಹುಯ್ದ. ಬೊಗಸೆ ತುಸು ತೆರೆಯಿತು. ಮೆತ್ತಗಿನದೇನೋ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ವರ್ಷವರ್ಷವೂ ಕರಿಹಲಗೆಯ ಮೇಲೆ ಅವನೇ ಬರೆದು ತೋರಿಸುತ್ತಿದ್ದ ಆಕಾರ. ತಲೆವಸ್ತ್ರದಿಂದ ಹಳದಿ ಕೂದಲಿನ ಎಳೆಯೊಂದು ಜಾರಿತು.

ಗಿಂಡಿಯನ್ನು ಹಿಂದಕ್ಕೆ ಎತ್ತಿಕೊಳ್ಳಬೇಕು. ಕೈ ಏಳಲಿಲ್ಲ. ಗದರಿಸಬೇಕು. ನಾಲಿಗೆ ಹೊರಳಲಿಲ್ಲ. ಚಿಕ್ಕಂದಿನಿಂದ ರೂಢಿಯಾದ ಮಣಿಕಟ್ಟು ತಾನಾಗಿ ಬಾಗಿತು. ಮೂರನೆಯ ಧಾರೆ ಬಿತ್ತು.

“ಒಳ್ಳೇ ಮನೆತನದ ಹುಡುಗ,” ಎಂದಳು ಅವಳು. ಮೋಡದೊಳಗೆ ನಡೆದುಹೋದಳು.

ಗಿಂಡಿ ಬಿಸುಟು ಒಳಗೋಡಿದ. ಹಿಂಬದಿಯ ಕಂಬಳಿಯ ಅಂಚು ಒಂದು ಗೇಣು ಮೇಲೆದ್ದಿತ್ತು. ಜಿಪಾರಳ ಕಣ್ಣು ಅವನ ಮೇಲೇ ಇತ್ತು. ಬಾಯಿ ತೆರೆಯಿತು. ಮುಚ್ಚಿತು. ಉಸಿರಿಲ್ಲ. ಬಾಯಿಗೆ ಬಾಯಿಟ್ಟು ಊದಿದ. ಎದೆ ಏಳಲಿಲ್ಲ. ಊದಿದ ಗಾಳಿ ತಂಗಲು ಒಳಗೆ ಜಾಗವೇ ಇರಲಿಲ್ಲ. ಅವಳ ಬೆರಳು ಅವನ ತೋಳನ್ನು ಹಿಡಿಯಿತು. ಬಿಟ್ಟಿತು. ಆಗ ಅವನಿಗೆ ಕೂಗಲು ಬಂತು.

ಕೂಗು ಕೇಳಿ ಕನಿಶಾ ಓಡಿ ಬಂದಳು. ಮಗಳನ್ನು ನೋಡಿದಳು. ಬಾಗಿಲಲ್ಲಿದ್ದ ಬೋಗುಣಿಯನ್ನು ನೋಡಿದಳು. ಬಯ್ಯಲಿಲ್ಲ. ಅಳುತ್ತಿದ್ದ ಮಗುವನ್ನು ಎತ್ತಿಕೊಂಡಳು.

“ನಾನು ಹೊಳೆ ಕಾಯ್ತಾ ಕೂತಿದ್ದೆ,” ಎಂದಳು. ಆಮೇಲೆ ಮೆಲ್ಲಗೆ, “ಎಷ್ಟು ಸಲ ಹಾಕಿದ್ರಿ?”

ಮೆದೆರ್ ಮೂರು ಬೆರಳು ಎತ್ತಿದ. ಅವು ಇನ್ನೂ ಒದ್ದೆಯಾಗಿದ್ದವು.