ಕಾರಣ ಕೇಳದೆ ವಾಪಸ್

ಭಾವ ಅವನಿಂದಲೇ ಆನ್‌ಲೈನಿನಲ್ಲಿ ಡ್ರಿಲ್ಲಿಂಗ್ ಮೆಷೀನು ತರಿಸಿಕೊಂಡು, ಮನೆಯ ಗೋಡೆಗಳಿಗೆಲ್ಲ ತೂತು ಹೊಡೆದು ಮುಗಿಸಿ, ಏಳನೇ ದಿನ ‘ಇಷ್ಟವಾಗಲಿಲ್ಲ’ ಎಂದು ವಾಪಸ್ ಕಳಿಸಿದಾಗಲೇ ಅವನಿಗೆ ಮೊದಲ ಸಲ ಹೊಟ್ಟೆ ಉರಿದದ್ದು. ಹಳೆಯ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿ, ಆನ್‌ಲೈನಿನಲ್ಲಿ ಮಾರುವುದು ಅವನ ಕಸುಬು. ಮಾಲೀಕನೂ ಅವನೇ, ನೌಕರನೂ ಅವನೇ. ಅಕ್ಕನ ಗಂಡ ಬಾಯಿಬಿಟ್ಟು ಕೇಳಿದ್ದರೆ ಸುಮ್ಮನೆ ಕೊಡುತ್ತಿದ್ದ. ಆದರೆ ಭಾವನ ವಾದವೇ ಬೇರೆ: “ಕೈಯಿಂದ ಇಸ್ಕೊಂಡ್ರೆ ಋಣ, ಆನ್‌ಲೈನಲ್ಲಿ ತರಿಸಿದ್ರೆ ಹಕ್ಕು.” ಡ್ರಿಲ್ಲಾದ ಮೇಲೆ ಏಣಿ, ಏಣಿಯಾದ ಮೇಲೆ ಪ್ರೊಜೆಕ್ಟರ್. ವಾಪಸಾತಿ ಅನ್ನುವುದು ಭಾವನ ಕೈಯಲ್ಲಿ ವಾಪಸ್-ಅತಿ ಆಯಿತು.

ತಡೆಯಲೆಂದು ಅವನು ನಿಯಮ ಬಿಗಿ ಮಾಡಿದ. ಪೆಟ್ಟಿಗೆ ಬಿಚ್ಚುವುದರಿಂದ ಹಿಡಿದು ಯಂತ್ರ ಓಡಿಸುವವರೆಗೆ ಎಡೆಬಿಡದೆ ತೆಗೆದ ವಿಡಿಯೋ ಇಲ್ಲದಿದ್ದರೆ ವಾಪಸ್ ಇಲ್ಲ. ಅಕ್ಕನ ಮನೆಗೆ ಫೋನ್ ಮಾಡಿ ಗಂಡ ಹೆಂಡತಿ ಇಬ್ಬರಿಗೂ ಗತ್ತಿನಲ್ಲೇ ಹೇಳಿದ. ಭಾವ ಹೆದರಲಿಲ್ಲ, ಕಲಾವಿದನಾದ. ಫೋನನ್ನು ಎಲ್ಲಾದರೂ ಒರಗಿಸಿಟ್ಟು, ಮೂಗಿನಲ್ಲಿ ಮಾತಾಡುವ ಭಾಮೈದನ ದನಿಯನ್ನೇ ತೆಗೆದು, “ಪ್ರಿಯ ಗ್ರಾಹಕರೇ, ಟೇಪು ಹರಿಯಬೇಡಿ, ಕತ್ತರಿಸಿ” ಎಂದು ಶುರು ಮಾಡುತ್ತಿದ್ದ. ವಿಡಿಯೋ ಅವನಿಗೂ ಬರುತ್ತಿತ್ತು, ನೆಂಟರ ಗ್ರೂಪಿಗೂ ಹೋಗುತ್ತಿತ್ತು. ಈಗ ಯಾರ ಮನೆಗೆ ಹೋದರೂ ಮಕ್ಕಳು ಮೂಗು ಹಿಡಿದುಕೊಂಡೇ ಅವನನ್ನು ಬರಮಾಡಿಕೊಳ್ಳುತ್ತಿದ್ದವು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವನು ಕಸುಬು ನಡೆಸುತ್ತಿದ್ದ ಕೋಣೆ ಭಾವನದು. ತಿಂಗಳ ಕೊನೆಗೆ ಖಾಲಿ ಮಾಡು ಎಂದಿದ್ದ ಭಾವ. ಯಾಕೆ ಎಂದು ಕೇಳಿದ್ದಕ್ಕೆ ಮೂಗಿನಲ್ಲೇ ಉತ್ತರ ಬಂತು: “ಪ್ರಿಯ ಗ್ರಾಹಕರೇ, ಬಾಡಿಗೆದಾರ ಇಷ್ಟವಾಗಲಿಲ್ಲ. ವಾಪಸ್.”

ಆ ಕೋಣೆ ಹೋದರೆ ಅವನಿಗೆ ಕಸುಬಿಲ್ಲ. ಭಾವ ಹೋದರೆ ಕೋಣೆ ಅಕ್ಕನದು, ಅಕ್ಕ ತಮ್ಮನನ್ನು ಎಬ್ಬಿಸುವವಳಲ್ಲ. ಯೋಚನೆ ಅಷ್ಟು ಸರಳವಾಗಿ ಬಂದು ಕೂತಿತು, ಎಬ್ಬಿಸಿದರೂ ಏಳಲಿಲ್ಲ.

ಕೊಂದವರು ಸಿಕ್ಕಿಬೀಳುವುದು ಆಯುಧವನ್ನು ಎಲ್ಲಿ ಎಸೆಯಲಿ ಎಂದು ಪರದಾಡುವಾಗ. ಅವನಿಗೆ ಆ ಪರದಾಟವೇ ಇರಲಿಲ್ಲ. ಅವನ ಆಯುಧ ತಾನಾಗಿಯೇ ಪೆಟ್ಟಿಗೆಯೊಳಗೆ ಕೂತು ಮನೆಗೆ ಮರಳುತ್ತದೆ.

ಕಾರು ತೊಳೆಯಲು ಜೋರಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಬೇಕೆಂದು ಭಾವ ಗ್ರೂಪಿನಲ್ಲಿ ಹೇಳಿಕೊಂಡಿದ್ದ. ಅವನು ಒಂದನ್ನು ಹುಡುಕಿ ತಂದು, ಹೊರಗೆ ಹೊಸದರಂತೆ ಒರೆಸಿ, ಒಳಗೆ ಒಂದು ತಂತಿಯ ಜಾಗ ಬದಲಿಸಿದ. ಒದ್ದೆ ನೆಲ, ಬರಿಗಾಲು, ಕೈಯಲ್ಲಿ ಲೋಹದ ಹಿಡಿ. ಭಾವನ ಎದೆಯಲ್ಲಿ ಮೊದಲೇ ಒಂದು ಸ್ಟೆಂಟು. ವೈದ್ಯರು ಬೇರೆ ಕಾರಣ ಹುಡುಕುವುದಿಲ್ಲ.

ಆಮೇಲೆ ನಿಯಮಕ್ಕೆ ಕೈಹಾಕಿದ. ಪ್ರೇಮಪತ್ರಕ್ಕೂ ಯಾವತ್ತೂ ಅಷ್ಟು ಹೊತ್ತು ಕೂತವನಲ್ಲ. ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಉಳಿದದ್ದು ಇಷ್ಟು: ‘ಏಳು ದಿನದೊಳಗೆ ವಾಪಸ್. ಮನೆಯಿಂದಲೇ ಒಯ್ಯುತ್ತೇವೆ. ವಿಡಿಯೋ ಬೇಡ. ಕಾರಣ ಕೇಳುವುದಿಲ್ಲ.’ ಕೊನೆಯ ಮಾತು ಓದಿ ಅವನಿಗೇ ಮೈ ಜುಮ್ಮೆಂದಿತು. ಭಾವ ಅಂದೇ ಆರ್ಡರ್ ಮಾಡಿದ.

ಭಾನುವಾರ ಬೆಳಿಗ್ಗೆ ಭಾವ ಕಾರಿನ ಪಕ್ಕದಲ್ಲಿ ಬಿದ್ದ. ಮನೆಯ ಫ್ಯೂಸ್ ಹಾರಿಹೋಗಿದ್ದು ಆ ಗಲಾಟೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ವೈದ್ಯರು ಹೃದಯಾಘಾತವೆಂದು ಬರೆದುಕೊಟ್ಟರು. ಅವನು ಅಕ್ಕನ ಪಕ್ಕ ನಿಂತು ಅತ್ತ. ಮೂಗು ಕಟ್ಟಿ ದನಿ ಇನ್ನಷ್ಟು ಮೂಗಿಗೇರಿತು, ಯಾರೂ ನಗಲಿಲ್ಲ. ಅಂಗಳದ ಮೂಲೆಯಲ್ಲಿ ಯಾರೋ ಸರಿಸಿಟ್ಟಿದ್ದ ಯಂತ್ರದ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕೇಳಿ ಪಡೆದರೆ ಅನುಮಾನ. ಕಾದರೆ ತಾನೇ ಬರುತ್ತದೆ.

ಯಂತ್ರ ತಲುಪಿದ ಏಳನೇ ದಿನ ಅಕ್ಕನೇ ಫೋನ್ ಮಾಡಿದಳು. “ಅವರು ಇದ್ದಿದ್ರೆ ಇವತ್ತು ವಾಪಸ್ ಕಳಿಸ್ತಿದ್ರು ಕಣೋ. ಕಣ್ಮುಂದೆ ಇದ್ರೆ ನಂಗೆ ಆಗ್ತಿಲ್ಲ. ಯಾರನ್ನಾದ್ರೂ ಕಳಿಸು.”

ಕಳಿಸಿದ. ಪೆಟ್ಟಿಗೆ ಬಂದ ಕೂಡಲೇ ಕೋಣೆಯ ಚಿಲಕ ಹಾಕಿ, ಯಂತ್ರ ಬಿಚ್ಚಿ, ಹಳೆಯ ತಂತಿ ಕಿತ್ತು ಒಲೆಯಲ್ಲಿ ಸುಟ್ಟ. ಇರಬೇಕಾದ ಜಾಗಕ್ಕೆ ಹೊಚ್ಚಹೊಸ ತಂತಿ ಹಾಕಿ ಬೆಸುಗೆ ಹಚ್ಚಿದ. ಓಡಿಸಿ ನೋಡಿದರೆ ಬೆಕ್ಕಿನ ಹಾಗೆ ಗುರುಗುಟ್ಟಿತು. ಈಗ ಲೋಕದಲ್ಲಿ ಇದರಷ್ಟು ನಿರಪರಾಧಿ ಯಂತ್ರ ಇನ್ನೊಂದಿಲ್ಲ ಎಂದುಕೊಂಡು, ಮಾರಾಟಕ್ಕೆ ಫೋಟೋ ತೆಗೆಯಲು ಫೋನ್ ಎತ್ತಿಕೊಂಡ. ಅದು ಕೈಯಲ್ಲೇ ರಿಂಗಾಯಿತು.

“ಅದನ್ನ ಮುಟ್ಬೇಡ ಕಣೋ,” ಎಂದಳು ಅಕ್ಕ. “ವಿಡಿಯೋ ಇಲ್ದೆ ನೀನು ವಾಪಸ್ ತಗೊಳಲ್ವಲ್ಲ ಅಂತ ಅವರ ಫೋನಲ್ಲಿ ಹುಡುಕಿದೆ. ನಿನ್ನ ಥರಾನೇ ಮಾತಾಡ್ತಾ ಹಿಡೀನ ಕೈಗೆ ತಗೋತಾರೆ... ಹೃದಯ ಅಲ್ವೋ, ಕರೆಂಟು. ಪೊಲೀಸರಿಗೆ ತೋರಿಸ್ದೆ, ಅಲ್ಲಿಗೇ ಬರ್ತಿದ್ದಾರೆ. ಮೆಷೀನು ಹೇಗೆ ಬಂತೋ ಹಾಗೇ ಕೊಟ್ಬಿಡು. ಹಳೇದು, ಒಳಗೆ ಕೆಟ್ಟಿದ್ರೆ ನಿಂಗೆ ಹೇಗಪ್ಪ ಗೊತ್ತಾಗ್ಬೇಕು?”

“ವಿಡಿಯೋ ಬೇಡ ಅಂತ ಬರೆದಿದ್ನಲ್ಲಕ್ಕಾ,” ಎಂದ ಅವನು. ಅವನ ದನಿ ಅವನಿಗೇ ಭಾವ ಅಣಕಿಸಿದಂತೆ ಕೇಳಿಸಿತು.

“ಹೌದಾ? ಎಲ್ಲಿ?” ಎಂದಳು ಅಕ್ಕ. “ಅದನ್ನೆಲ್ಲ ಯಾರೋ ಓದ್ತಾರೆ?” ಚಿಲಕ ಹಾಕಿದ ಬಾಗಿಲನ್ನು ಆಗಲೇ ಯಾರೋ ತಟ್ಟುತ್ತಿದ್ದರು. ಕೆಟ್ಟೇ ಇದ್ದಿದ್ದರೆ ಅದು ಅಪಘಾತ. ಮೇಜಿನ ಮೇಲೆ ಯಂತ್ರ, ಬೆಸುಗೆಯ ಬಿಸಿ ಇನ್ನೂ ಆರದೆ, ಸಣ್ಣ ದೋಷವೂ ಇಲ್ಲದೆ ಕೂತಿತ್ತು.