ಜೆರೇನಿಯಂನ ಗಡ್ಡ

ಕಚಕ್!

ಇನ್ನೊಂದು ದಂಟು ನೆಲಕ್ಕೆ ಬಿತ್ತು. ಫ್ಲಾವಿಯಾ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಮುಂದಿನದಕ್ಕೆ ಕತ್ತರಿ ಹಾಕಿದಳು.

“ಇನ್ನೂ ಕೆಳಗಡೆ. ಗಲ್ಲದ ಹತ್ರ ಸ್ವಲ್ಪ ಉಳ್ಕೊಂಡಿದೆ ನೋಡು,” ಎಂದ ತೊಮೆ, ಗೋಡೆಯ ಮೇಲೆ ಕೂತು ಕಾಲು ಆಡಿಸುತ್ತ.

“ಬಾಯಿ ಮುಚ್ಕೊಂಡು ಕೂತ್ಕೋ. ಇಲ್ದಿದ್ರೆ ನಿನ್ನ ಕೂದ್ಲಿಗೂ ಕತ್ತರಿ ಹಾಕ್ತೀನಿ.”

ತೊಮೆ ಪಕ್ಕದ ಮನೆಯವನು, ಫ್ಲಾವಿಯಾಳ ಕ್ಲಾಸಿನವನೇ. ಎರಡು ದಿನದಿಂದ ಅವನದು ಒಂದೇ ರಾಗ. “ನಿನ್ನ ಜೆರೇನಿಯಂಗೆ ಗಡ್ಡ ಬಂದಿದೆ! ನಮ್ಮ ತಾತಂಗಿಂತ ಉದ್ದ!” ಅದು ಸುಳ್ಳಾಗಿದ್ದರೆ ಫ್ಲಾವಿಯಾ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಅದು ನಿಜವಾಗಿತ್ತು. ಅದಕ್ಕೇ ಮೈ ಉರಿದದ್ದು.

ಗಿಡದ ಮೇಲ್ಭಾಗ ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಕೊಡೆ ಬಿಚ್ಚಿದಷ್ಟು ಅಗಲಕ್ಕೆ ಗುಲಾಬಿ ಬಣ್ಣದ ಹೂವೇ ಹೂವು. ಕೆಳಗೆ ನೋಡಿದರೆ ಬೇರೆಯೇ ಕತೆ. ಹಳೆಯ ಎಲೆಗಳು ಒಣಗಿ, ಅವುಗಳ ಉದ್ದನೆಯ ದಂಟುಗಳು ಹಿಂದಕ್ಕೆ ಬಾಗಿ, ಬುಡದ ಸುತ್ತ ನೆಲದವರೆಗೂ ಇಳಿಬಿದ್ದಿದ್ದವು. ಕಂದು ಬಣ್ಣ. ಒಂದಕ್ಕೊಂದು ಹೆಣೆದುಕೊಂಡ ಕಸ.

ಸೋಮವಾರ ಇಡೀ ಕ್ಲಾಸು ಈ ಗಿಡ ನೋಡಲು ಬರಲಿತ್ತು. “ನಮ್ಮ ಮಡೈರಾ ದ್ವೀಪ ಬಿಟ್ರೆ ಈ ಜೆರೇನಿಯಂಗೆ ಬೇರೆ ತವರಿಲ್ಲ, ಮಕ್ಕಳೇ. ಅದನ್ನ ಬೀಜದಿಂದ ಬೆಳೆಸಿದೋಳು ನಮ್ಮಲ್ಲೇ ಒಬ್ಳಿದ್ದಾಳೆ,” ಎಂದು ಲಿದಿಯಾ ಟೀಚರ್ ಎಲ್ಲರ ಮುಂದೆ ಹೇಳಿದ್ದರು. ಆವತ್ತಿನಿಂದ ಫ್ಲಾವಿಯಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಬೆಳೆಸುವುದೇನು ಸುಲಭವಾಗಿತ್ತೇ? ಮೂರು ವರ್ಷದ ಹಿಂದೆ ಎರ್ಮೀನಿಯಾ ಅಜ್ಜಿ ತನ್ನ ತವರಿನಿಂದ ಬೀಜ ತಂದಿದ್ದಳು. ಅದಾದ ಮೇಲಿನ ಚಳಿಗಾಲದಲ್ಲಿ ಅಲ್ಲಿಯ ಗುಡ್ಡ ಕುಸಿಯಿತು. ಅಜ್ಜಿಯ ಅಮ್ಮ ನೆಟ್ಟಿದ್ದ ಜೆರೇನಿಯಂಗಳೆಲ್ಲ ಮಣ್ಣಿನಡಿ ಹೋದವು. ಆ ವಂಶದಲ್ಲಿ ಉಳಿದದ್ದು ಫ್ಲಾವಿಯಾಳ ಕುಂಡದಲ್ಲಿದ್ದ ಸಸಿಗಳು ಮಾತ್ರ. ಅವುಗಳಲ್ಲೂ ಒಂದು ಕೊಳೆಯಿತು, ಒಂದು ಬಿಸಿಲಿಗೆ ಬಾಡಿತು, ಉಳಿದವನ್ನು ಬಸವನಹುಳುಗಳು ಮೇಯ್ದವು. ಕೊನೆಗೆ ಉಳಿದ ಒಂದನ್ನು ಅಂಗಳದ ನೆರಳಿಗೆ ನೆಟ್ಟು, ಫ್ಲಾವಿಯಾ ದಿನಾ ಬೆಳಿಗ್ಗೆ ಹುಳು ಆರಿಸಿ ತೊಮೆಯ ಗೋಡೆಯಾಚೆ ಎಸೆಯುತ್ತಿದ್ದಳು. ಇದು ತೊಮೆಗೆ ಇವತ್ತಿಗೂ ಗೊತ್ತಿಲ್ಲ.

ಕಚಕ್! ಕೊನೆಯ ದಂಟೂ ಬಿತ್ತು.

ಈಗ ಗಿಡ ತಾಳೆಮರದ ಮರಿಯಂತೆ ನೆಟ್ಟಗೆ, ಒಂಟಿ ಕಾಂಡದ ಮೇಲೆ ನಿಂತಿತ್ತು. ಮೇಲೆ ಹೂ, ಕೆಳಗೆ ಚೊಕ್ಕ ನೆಲ. ತೊಮೆ ಕಾಲು ಆಡಿಸುವುದನ್ನೂ ಮರೆತು ನೋಡಿದ.

ಸಂಜೆ ಅಮ್ಮ ಕೆಲಸದಿಂದ ಬಂದಳು. ಅಮ್ಮ ಫುಂಚಾಲ್ ಪಟ್ಟಣದ ಹೋಟೆಲೊಂದರಲ್ಲಿ ರೂಮು ಚೊಕ್ಕ ಮಾಡುವ ಕೆಲಸದವಳು. ಹಾಸಿಗೆಯ ಮೇಲೊಂದು ಕೂದಲು ಬಿದ್ದಿದ್ದರೂ ಅವಳ ಕಣ್ಣಿಗೆ ಚುಚ್ಚುತ್ತದೆ. ಅಂಥ ಅಮ್ಮ ಗಿಡದ ಸುತ್ತ ಒಂದು ಸುತ್ತು ಬಂದು, “ಅಬ್ಬಾ! ಈಗ ನೋಡು, ಲಕ್ಷಣವಾಗಿದೆ,” ಎಂದಳು. ಅಮ್ಮನ ಬಾಯಲ್ಲಿ ಇಂಥ ಮಾತು ಬರುವುದು ವರ್ಷಕ್ಕೊಮ್ಮೆ. ಫ್ಲಾವಿಯಾ ಉಬ್ಬಿಹೋದಳು.

ಅಜ್ಜಿ ಮನೆಯಲ್ಲಿರಲಿಲ್ಲ. ಸಾಂತಾನಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದವಳು ಭಾನುವಾರದ ಬಸ್ಸಿಗೆ ಬರಬೇಕಿತ್ತು. ಬಂದವಳೇ ಹೇಗೆ ಬೆರಗಾಗುತ್ತಾಳೋ ಎಂದು ನೆನೆಯುತ್ತಲೇ ಫ್ಲಾವಿಯಾ ಮಲಗಿದಳು.

ಭಾನುವಾರ ಚರ್ಚಿನಿಂದ ಬಂದವಳೇ ಫ್ಲಾವಿಯಾ ಬಟ್ಟೆ ಕೂಡ ಬದಲಿಸದೆ ನೀರಿನ ಕ್ಯಾನ್ ಹಿಡಿದಳು. ಹೂವಿನ ಮೇಲೆ ಧೂಳು ಕೂತಿತ್ತು. ಅಜ್ಜಿ ಬರುವಷ್ಟರಲ್ಲಿ ಅದೂ ಹೊಳೆಯಲಿ ಎಂದು ಮೇಲಿನಿಂದ ನೀರು ಚಿಮುಕಿಸಿದಳು.

ಹೂಗೊಂಚಲು ಸ್ವಲ್ಪ ವಾಲಿದಂತೆ ಕಂಡಿತು.

ತನಗೇ ತಲೆ ತಿರುಗುತ್ತಿದೆಯೇನೋ ಎಂದು ಫ್ಲಾವಿಯಾ ಕಣ್ಣುಜ್ಜಿಕೊಂಡಳು. ಅಷ್ಟರಲ್ಲಿ ಬುಡದ ಮಣ್ಣು ಬಿರುಕು ಬಿಟ್ಟಿತು. ಗಿಡ ಅವಸರವೇ ಇಲ್ಲದಂತೆ ನಿಧಾನವಾಗಿ ಅವಳ ಕಡೆಗೇ ಬಾಗಿತು. ‘ಪಟ್’ ಎಂದು ಏನೋ ಹರಿಯಿತು. ಕ್ಯಾನ್ ಎಸೆದು ಅವಳು ಎರಡೂ ತೋಳು ಚಾಚಿದಳು. ಒದ್ದೆ ಹೂವಿನ ರಾಶಿ ಪೂರ್ತಿ ಅವಳ ಎದೆಯ ಮೇಲೆ ಬಂದು ಬಿತ್ತು.

“ಅಮ್ಮಾ!”

ಅದು ಕೂಗಲ್ಲ, ಚೀರಾಟ. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. ಗೋಡೆಯ ಮೇಲೆ ತೊಮೆಯ ತಲೆ ಮೂಡಿತು. ಇಬ್ಬರೂ ಬಾಯಿ ತೆರೆದು ನಿಂತರು.

“ನಾನೇನೂ ಮಾಡಿಲ್ಲಮ್ಮ! ನೀರು ಹಾಕ್ದೆ ಅಷ್ಟೇ! ತಾನೇ ಬಿತ್ತು!”

“ಅಲ್ಲಾಡ್ಬೇಡ. ಹಾಗೇ ಹಿಡ್ಕೋ. ಬಿಡ್ಬೇಡ!”

ಬಿಡುವುದೆಲ್ಲಿ ಬಂತು? ಗಿಡದ ಮೈತುಂಬ ಅಂಟು ರೋಮ. ಅದು ಅವಳ ಅಂಗಿಗೆ, ಕೆನ್ನೆಗೆ, ಕೂದಲಿಗೆಲ್ಲ ಅಂಟಿಕೊಂಡಿತ್ತು. ನಿನ್ನೆ ಅಷ್ಟು ಗಟ್ಟಿಯಾಗಿ ನಿಂತಿದ್ದ ಗಿಡ ಹೀಗೆ ಯಾಕೆ ಬಿತ್ತು ಎಂದು ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅಜ್ಜಿ ಗೇಟು ತೆಗೆದು ಒಳಗೆ ಬಂದಳು. ಕೈಚೀಲ ಕೆಳಗಿಟ್ಟಳು. ಹೂವನ್ನು ನೋಡಲೇ ಇಲ್ಲ, ನೇರ ಬುಡದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿದಳು.

“ಇದರ ಕಾಲು ಕತ್ತರಿಸ್ದೋರು ಯಾರು?”

“ಕಾಲಾ?” ಫ್ಲಾವಿಯಾಳ ದನಿ ಹೂಗಳ ನಡುವಿನಿಂದ ಬಂತು. “ಅದು ಒಣಗಿದ ದಂಟಲ್ವಾ ಅಜ್ಜಿ? ಕಸ ಅಲ್ವಾ?”

“ಎಲೆ ಒಣಗುತ್ತೆ ಕಣೇ. ದಂಟು ಸಾಯಲ್ಲ. ಹಿಂದಕ್ಕೆ ಬಾಗಿ ನೆಲ ಒತ್ಕೊಂಡು ನಿಲ್ಲುತ್ತೆ. ಇಷ್ಟು ಭಾರದ ತಲೆನ ಇಷ್ಟೇ ಇಷ್ಟು ಬೇರು ಹೊರುತ್ತಾ? ಸುತ್ತಲೂ ನಿಂತು ಹೊತ್ತಿದ್ದೇ ಅವು.”

ನಿನ್ನೆ ಗಲ್ಲದ ಹತ್ತಿರದ್ದು ಅಂತ ಕತ್ತರಿಸಿದ ಕೊನೆಯ ದಂಟು ಫ್ಲಾವಿಯಾಗೆ ನೆನಪಾಯಿತು. ಅದು ಗಟ್ಟಿಯಿತ್ತು. ಎರಡು ಸಲ ಒತ್ತಬೇಕಾಗಿತ್ತು.

“ಲಕ್ಷಣವಾಗಿದೆ ಅಂದೋಳು ನಾನು,” ಎಂದಳು ಅಮ್ಮ ಸೌಟನ್ನೇ ನೋಡುತ್ತ. “ಚಿಕ್ಕಂದಿನಲ್ಲಿ ನಿನ್ನ ತವರಿಗೆ ಹೋದಾಗೆಲ್ಲ ಈ ಗಿಡ ನೋಡಿದೋಳು ನಾನು. ನಂಗೂ ಗೊತ್ತಿರಲಿಲ್ಲವಲ್ಲಮ್ಮ.”

“ಯಾವಾಗ್ಲಾದ್ರೂ ಬಗ್ಗಿ ನೋಡಿದ್ರೆ ತಾನೇ?” ಎಂದಳು ಅಜ್ಜಿ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಜ್ಜಿ ಕಪ್ಪು ಗೌನಿನ ತೋಳಿಗೆ ಕಣ್ಣೊರಸಿಕೊಂಡದ್ದನ್ನು ಫ್ಲಾವಿಯಾ ನೋಡಿದಳು. ಅಜ್ಜಿ ಅತ್ತದ್ದನ್ನು ಅವಳು ಈ ಮೊದಲು ಕಂಡಿರಲೇ ಇಲ್ಲ.

“ತೊಮೆ! ಬಾಯಿ ಮುಚ್ಕೊಂಡು ಓಡು,” ಎಂದಳು ಅಜ್ಜಿ. “ನಿಮ್ಮಪ್ಪ ಬಾಳೆಗೊನೆಗೆ ಆಸರೆ ಕೊಡ್ತಾರಲ್ಲ, ಆ ಕವೆಗೋಲು ಇದ್ದಷ್ಟು ತಗೊಂಡು ಬಾ.”

ತೊಮೆ ಗೋಡೆಯಿಂದ ಜಿಗಿದ ಸದ್ದು ಕೇಳಿತು. ಅವನು ಬರುವವರೆಗೂ, ಅಜ್ಜಿ ಕೋಲುಗಳನ್ನು ಸುತ್ತಲೂ ಊರಿ ಕಾಂಡಕ್ಕೆ ಹಳೇ ಬಟ್ಟೆ ಸುತ್ತಿ ಕಟ್ಟುವವರೆಗೂ ಫ್ಲಾವಿಯಾ ಗಿಡ ಹಿಡಿದು ನಿಂತೇ ಇದ್ದಳು. ಅಮ್ಮ ತಾನು ಹಿಡಿಯುತ್ತೇನೆ ಎಂದರೂ ಬಿಟ್ಟುಕೊಡಲಿಲ್ಲ.

ಕೊನೆಗೆ ಅಜ್ಜಿ, “ಸಾಕು, ಬಿಡು,” ಎಂದಳು. ಗಿಡ ಕೋಲುಗಳ ನಡುವೆ ಸೊಟ್ಟಗೆ ನಿಂತಿತು.

“ಬದುಕುತ್ತಾ ಅಜ್ಜಿ?”

“ಅರ್ಧ ಬೇರು ಹರಿದಿದೆ. ಬೀಜ ಬಲಿಯೋವರೆಗೆ ತಡೆದ್ರೆ ಸಾಕು. ಹೇಗಿದ್ರೂ ಆಮೇಲೆ ಸಾಯುತ್ತಲ್ಲ.”

“ಸಾಯುತ್ತಾ?”

“ಹೂ ಬಿಡೋದು ಒಂದೇ ಸಲ ಕಣೇ. ಬೀಜ ಕೊಟ್ಟು ಹೋಗ್ಬಿಡುತ್ತೆ.”

ಒಂದೇ ದಿನದಲ್ಲಿ ಎಷ್ಟು ಸಿಡಿಲು ಹೊಡೆಯಬೇಕು? ಫ್ಲಾವಿಯಾ ಅಂಟಂಟು ಮುಖದಲ್ಲೇ ಕೂಗಿದಳು. “ಮೂರು ವರ್ಷ ಸಾಕಿದ್ದೀನಿ! ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀರು ಹಾಕ್ತಿದ್ದೆಯಾ?”

ಹಾಕುತ್ತಿದ್ದೆ ಎನ್ನಲು ಬಾಯಿ ತೆರೆದಳು. ಮತ್ತೆ ಮುಚ್ಚಿ, ಎಸೆದಿದ್ದ ಕ್ಯಾನನ್ನು ಎತ್ತಿಕೊಳ್ಳಲು ಹೋದಳು.

ಸೋಮವಾರ ಕ್ಲಾಸಿನವರು ಬಂದರು. ಹೂವು ಅರ್ಧ ಜೋತುಬಿದ್ದಿತ್ತು.

“ಈ ಕೋಲೆಲ್ಲ ಯಾಕಮ್ಮ?” ಲಿದಿಯಾ ಟೀಚರ್ ಕೇಳಿದರು.

“ಅದರ ಕಾಲು ಕತ್ತರಿಸಿದ್ದಕ್ಕೆ. ಕತ್ತರಿಸಿದ್ದು ನಾನೇ.”

“ಗಡ್ಡ ಅಂದಿದ್ದು ನಾನು, ಟೀಚರ್,” ಎಂದ ತೊಮೆ, ನೆಲ ನೋಡುತ್ತ.

ಯಾರೂ ನಗಲಿಲ್ಲ. ಅಷ್ಟು ಹೊತ್ತಿನವರೆಗೆ ತಳ್ಳಾಡುತ್ತಿದ್ದ ಹುಡುಗರು ಕೂಡ ಗಪ್‌ಚುಪ್ಪಾಗಿ ಬುಡದ ಹತ್ತಿರ ಬಗ್ಗಿ ನೋಡಿದರು.

ವಾರ ಕಳೆಯುವುದರೊಳಗೆ ಮೇಲಿನ ಹೂಗಳೆಲ್ಲ ಮುದುಡಿದವು. ಎಲೆಗಳು ಹಳದಿಯಾಗಿ ಬಿದ್ದವು. ಆದರೆ ಮೊದಲೇ ಅರಳಿ ಮುಗಿದಿದ್ದ ಕೆಳಗಿನ ಹೂಗಳಲ್ಲಿ ಹಸಿರು ಕೊಕ್ಕಿನಂಥ ಕಾಯಿಗಳು ಮೂಡಿದ್ದವು. ಫ್ಲಾವಿಯಾ ಅವನ್ನು ಮುಟ್ಟಲಿಲ್ಲ. ಬುಡಕ್ಕೆ ಹದವಾಗಿ ನೀರು ಹಾಕಿದಳು, ಸಡಿಲಾದ ಬಟ್ಟೆ ಬಿಗಿ ಮಾಡಿದಳು, ಕಾದಳು. ಸತ್ತೇ ಹೋಗುವ ಗಿಡಕ್ಕೆ ನೀರು ಹಾಕುತ್ತಿದ್ದೇನೆ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಆದರೂ ಹಾಕಿದಳು.

ಬೇಸಿಗೆ ಶುರುವಾದ ಒಂದು ಮಧ್ಯಾಹ್ನ ಅವಳು ಅಂಗಳ ಗುಡಿಸುತ್ತಿದ್ದಳು. ‘ಟಿಕ್’ ಎಂದು ಏನೋ ಸಿಡಿದು ಕೆನ್ನೆಗೆ ಬಡಿಯಿತು. ಬೆಚ್ಚಿ ಹಿಂದೆ ಸರಿದಳು. ಮತ್ತೊಂದು ‘ಟಿಕ್’ ಗೋಡೆಗೆ ಹೊಡೆಯಿತು. ಕೊಕ್ಕುಗಳು ಒಣಗಿ ಕಪ್ಪಾಗಿ ತಾವಾಗಿ ಸಿಡಿಯುತ್ತಿದ್ದವು. ಕಲ್ಲುಹಾಸಿನ ಸಂದುಗಳಲ್ಲಿ, ಒದ್ದೆ ಮಣ್ಣಿನಲ್ಲಿ, ಉದುರಿದ ಎಲೆಗಳ ನಡುವೆ ಕರಿಯ ಬೀಜಗಳು ಬಿದ್ದವು. ಯಾವುದು ಕಸ, ಯಾವುದು ಬೀಜ ಎಂದು ಹೇಳುವಂತಿರಲಿಲ್ಲ.

ಫ್ಲಾವಿಯಾ ಪೊರಕೆಯನ್ನು ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕೂತಳು.

ಸಂಜೆ ಅಮ್ಮ ಕೆಲಸದಿಂದ ಬಂದು ಗೇಟಿನಲ್ಲೇ ನಿಂತಳು. ಅಂಗಳದ ತುಂಬ ತರಗೆಲೆ, ಸಿಪ್ಪೆ, ಧೂಳು. ಬೈಯಲು ಅಮ್ಮನ ಬಾಯಿ ತೆರೆಯಿತು. ಮಗಳನ್ನು ನೋಡಿದಳು. ಆಮೇಲೆ ಬಗ್ಗಿ ನೆಲವನ್ನು ನೋಡಿದಳು, ತುಂಬ ಹೊತ್ತು.

ಬಾಯಿ ಮುಚ್ಚಿಕೊಂಡು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಗೋಡೆಯ ಅಂಚಿಗೇ ಒತ್ತಿಕೊಂಡು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಮಗಳ ಹತ್ತಿರ ಬಂದಳು. ಫ್ಲಾವಿಯಾ ಸರಿದು ಜಾಗ ಕೊಟ್ಟಳು.