ಶುಕ್ರವಾರದ ತಪ್ಪಿತಸ್ಥ

"ಮೊದಲನೇ ವಾರಾನೇ ಕೆಂಪು ಚೀಟಿ! ನಾಚಿಕೆ ಆಗಲ್ವಾ ಇಂಜಿನಿಯರ್?"

ಯಾಮಿಲೆ ರುಬಿಯೆಲ್‌ಗೆ ಆಡಿದ ಮೊದಲ ಮಾತೇ ಇದು!

ಕೊಲಂಬಿಯಾದ ಹಳ್ಳಿಯೊಂದರಲ್ಲಿ, ಸಿಮೆಂಟ್ ಆದಷ್ಟು ಕಡಿಮೆ ಮಾಡಿ ಬಿದಿರಿನಲ್ಲಿ ಕಟ್ಟುತ್ತಿದ್ದ ಶಾಲೆ ಅದು. ಎಲ್ಲರ ವಿನ್ಯಾಸಗಳನ್ನೂ ಹೊಂದಿಸಲು ರಾಜಧಾನಿ ಬೊಗೊಟಾದಿಂದ ಬಂದಿದ್ದ ಯಾಮಿಲೆಗೆ ಶೆಡ್ಡಿನ ಗೋಡೆಯೇ ಹತ್ಯಾರ. ಯಾರು ಯಾವ ನಕ್ಷೆ ಕೊಡುತ್ತಾರೆಂದು ಸೋಮವಾರ ಚೀಟಿ ಅಂಟಿಸಬೇಕು. ಶುಕ್ರವಾರದೊಳಗೆ ಕೆಲಸ ಮುಗಿದಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದವರು ಎಲ್ಲರಿಗೂ ಬಿಸಿಬಿಸಿ ಚೀಸ್ ಬನ್ನು, ಪಾಂದೆಬೋನೊ, ತರಬೇಕು.

ರುಬಿಯೆಲ್ ಬೇಕರಿಗೆ ಓಡಿ ಬುಟ್ಟಿ ತಂದ. ಒಂದು ತುತ್ತಿಗೇ ಯಾಮಿಲೆಯ ಸಿಟ್ಟು ಇಳಿದು, ನಗು ಜಾರಿಬಿಟ್ಟಿತು.

ಅಯ್ಯೋ, ಅಷ್ಟೇ ಸಾಕಾಯಿತು ನೋಡಿ!

ಅಲ್ಲಿಂದ ಪ್ರತಿ ಶುಕ್ರವಾರವೂ ಅವನದು ಕೆಂಪೇ. "ಚಾವಣಿ ನಕ್ಷೆ ಇನ್ನೂ ಆಗಿಲ್ಲ ಮೇಡಂ…" ಎಂದು ತಲೆ ಕೆರೆದುಕೊಳ್ಳುತ್ತಿದ್ದ.

'ನನ್ನ ಕೆಲಸ ಅಂದ್ರೆ ಇವನಿಗೆ ಆಟಾನಾ?' ಅವಳಿಗೆ ಅಳುವೇ ಬಂತು. ಕೃಷ್ಣಪಕ್ಷ ಮುಗಿಯುತ್ತಿತ್ತು. ಅದು ಕಳೆದ ಮೇಲೆ ಕಡಿದ ಬಿದಿರಿಗೆ ಹುಳ ಹತ್ತುತ್ತದೆಂದು ಇಲ್ಲಿ ಯಾರೂ ಕತ್ತಿ ಎತ್ತುವುದಿಲ್ಲ. ನಕ್ಷೆಯಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಶಾಲೆಯಿಲ್ಲ! ಇವನನ್ನು ತೆಗೆಯಿರಿ ಎಂದು ಶಾಲಾ ಸಮಿತಿಗೆ ಹೇಳಲು ನಿರ್ಧರಿಸಿದಳು. ಆದರೆ ಎದೆ ಯಾಕೆ ಹಿಂಡುತ್ತಿದೆ…?

ಮೊದಲು, ನಕ್ಷೆ ಕೊಡಲಾಗದ್ದಕ್ಕೆ ಮುದುಕ ಬಡಗಿ ದೋನ್ ಆಲ್ದೆಮಾರ್ ಬಳಿ ಕ್ಷಮೆ ಕೇಳೋಣವೆಂದು ಬಿದಿರು ಮೆಳೆಗೆ ಹೋದಳು. ನೋಡಿದರೆ, ಅಳತೆಯ ಗುರುತು ಸಮೇತ ಕಡಿದ ಬಿದಿರಿನ ರಾಶಿ!

"ನಕ್ಷೆ ಎಲ್ಲಿಂದ ಬಂತು?"

"ಪ್ರತಿ ಗುರುವಾರ ತಂದು ಕೊಡ್ತಾನಲ್ಲಮ್ಮ!" ಮುದುಕ ಬಾಯ್ತುಂಬ ನಕ್ಕ. "ನಿಮ್ಮನ್ನೊಬ್ಬರನ್ನ ಬಿಟ್ಟು ಇಡೀ ಸೈಟಿಗೇ ಗೊತ್ತು. ನಾವ್ಯಾಕೆ ಹೇಳಿ ಬನ್ನಿಗೆ ಕಲ್ಲು ಹಾಕ್ಕೊಳೋಣ?"

ಅವಳನ್ನು ಕಂಡು ರಾಶಿಯ ಹಿಂದೆ ಅಡಗಿದ್ದ ರುಬಿಯೆಲ್ ಮೆಲ್ಲಗೆ ಎದ್ದು ನಿಂತ.

"ನನ್ನ ಗೋಡೆಗೇ ಸುಳ್ಳು ಹೇಳಿದ್ರಾ? ನಿಮ್ಮನ್ನ ತೆಗೆಸೋಕೆ ಹೊರಟಿದ್ದೆ ನಾನು!"

"ತಪ್ಪಾಯ್ತು… ಮೊದಲನೇ ಸಲ ನಿಜವಾಗ್ಲೂ ತಡವಾಗಿತ್ತು. ಆಮೇಲೆ… ನೀವು ನಗೋದು ಬನ್ನು ತಿನ್ನುವಾಗ ಮಾತ್ರ. ಅದನ್ನ ನೋಡದೆ ವಾರ ಕಳೆಯೋಕೆ ಆಗ್ತಿರಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ, ಯಾಮಿಲೆ."

ಆಲ್ದೆಮಾರ್ ಕೈಯಲ್ಲೇ ಇದ್ದ ಕತ್ತಿಯನ್ನು ಹುಡುಕುತ್ತ ದೂರ ಹೋದ.

ಯಾಮಿಲೆ ಜೇಬಿನಿಂದ ಚೀಟಿ ತೆಗೆದು, ಏನೋ ಬರೆದು ಅವನ ಅಂಗಿಗೆ ಅಂಟಿಸಿದಳು. 'ಭಾನುವಾರ ನಮ್ಮಮ್ಮ ಬರ್ತಾರೆ. ಊಟಕ್ಕೆ ನೀವೂ ಬರಬೇಕು.'

"ಇನ್ಮೇಲೆ ಸುಳ್ಳು ಕೆಂಪು ಬೇಡ, ಗೊತ್ತಾಯ್ತಾ?"

"ಹಸಿರೇ! ಆಣೆಗೂ… ಹಾಗಾದ್ರೆ ಬನ್ನು ತರೋದು ಬೇಡ್ವಾ?"

"ತನ್ನಿ," ಎಂದಳು, ಆಗಲೇ ನಗುತ್ತಾ. "ನಗೋಕೆ ಅದು ಬೇಕಿಲ್ಲ… ಆದ್ರೂ ತನ್ನಿ!"